ತಟ್ಟೆಯ ತಳದಲ್ಲಿ ಜರ್ಮನಿಯ ಚರಿತ್ರೆ

ಕತ್ತಿ, ಕಿರೀಟ, ಜೇನುನೊಣ, ಕಿವಿಯ ಗುಂಡಿ: ಹಳೆಯ ಜರ್ಮನ್ ಸಾಮಾನಿನ ಮುದ್ರೆಗಳು ಒಂದಕ್ಕಿಂತ ಒಂದು ಚೆಂದ. ಆದರೆ ವಸ್ತುವಿನ ವಯಸ್ಸನ್ನು ಹೆಚ್ಚು ನಂಬಿಕೆಯಿಂದ ಹೇಳುವುದು ಆ ಚಿತ್ರವಲ್ಲ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಕುಳಿತ ಊರು ಮತ್ತು ದೇಶದ ಹೆಸರು.

ಸ್ಯಾಕ್ಸನಿಯ ಮೈಸೆನ್ ಪಿಂಗಾಣಿ ಕಾರ್ಖಾನೆಯಲ್ಲಿ, ಒಮ್ಮೆ ಸುಟ್ಟು ತೆಗೆದ, ಇನ್ನೂ ಮೆರುಗು ಹತ್ತದ ಬಿಳಿಯ ತಟ್ಟೆಯನ್ನು ಬೋರಲು ಹಾಕಿ, ಸಪೂರ ಕುಂಚದಿಂದ ಅದರ ತಳಕ್ಕೆ ಎರಡು ಓರೆ ಗೆರೆಗಳನ್ನು ಒಂದನ್ನೊಂದು ಹಾಯುವಂತೆ ಎಳೆದು, ಬುಡದಲ್ಲಿ ಹಿಡಿಯ ಅಡ್ಡಗೆರೆಗಳನ್ನು ಕೂಡಿಸಿದಾಗ ಒಂದು ಜೋಡಿ ಕತ್ತಿ ಮೂಡುತ್ತದೆ. ಕೋಬಾಲ್ಟ್ ಲೋಹದ ಆಕ್ಸೈಡಿನಿಂದ ತಯಾರಾದ ಆ ಬಣ್ಣ ಹಚ್ಚುವಾಗ ಕಪ್ಪಗಿರುತ್ತದೆ. ತಟ್ಟೆಯನ್ನು ಮೆರುಗಿನ ದ್ರವದಲ್ಲಿ ಅದ್ದಿ 1400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉರಿಯಲ್ಲಿ ಮತ್ತೆ ಸುಟ್ಟ ಮೇಲೆ, ಗಾಜಿನಂಥ ಪದರದ ಅಡಿಯಲ್ಲಿ ಅದು ಗಾಢ ನೀಲಿಯಾಗಿ ನಿಲ್ಲುತ್ತದೆ.

ಉಗುರಿನಿಂದ ಕೆರೆದರೆ ಆ ಕತ್ತಿಗಳು ಬೆರಳಿಗೆ ಸಿಗುವುದಿಲ್ಲ, ತೊಳೆದರೆ ಮಾಸುವುದಿಲ್ಲ. ಮುದ್ರೆ ಮೆರುಗಿನ ಕೆಳಗಿದೆಯೋ ಮೇಲಿದೆಯೋ ಎಂಬ ಪ್ರಶ್ನೆಯೇ ಹಳೆಯ ಪಿಂಗಾಣಿಯನ್ನು ಪರೀಕ್ಷಿಸುವವರ ಮೊದಲ ಪ್ರಶ್ನೆಯಾಗಿರುವುದು ಈ ಕಾರಣದಿಂದಲೇ; ಸುಟ್ಟು ಮುಗಿದ ವಸ್ತುವಿನ ಮೇಲೆ ಮುದ್ರೆಯನ್ನು ಯಾವಾಗ ಬೇಕಾದರೂ ಬರೆಯಬಹುದು, ಮೆರುಗಿನ ಅಡಿಗೆ ಬರೆಯಬೇಕಾದರೆ ಅದು ತಯಾರಾಗುವ ಹೊತ್ತಿನಲ್ಲೇ ಬರೆಯಬೇಕು.

ಅಜ್ಜಿಯ ಕಾಲದ ಬಟ್ಟಲು, ಅಟ್ಟದಲ್ಲಿ ಉಳಿದ ಗೊಂಬೆ, ಹರಾಜಿನಲ್ಲಿ ಕೊಂಡ ಬೆಳ್ಳಿಯ ಚಮಚ ಇವುಗಳ ವಯಸ್ಸನ್ನು ತಿಳಿಯುವ ಕುತೂಹಲ ಈಗ ಅಂತರಜಾಲದ ಹರಾಜುಗಳಿಂದಾಗಿ ಜಗತ್ತಿನಾದ್ಯಂತ ಹರಡಿದೆ. ಆ ಕುತೂಹಲಕ್ಕೆ ಜರ್ಮನಿಯಷ್ಟು ಸಮೃದ್ಧವಾದ ಕ್ಷೇತ್ರ ಇನ್ನೊಂದು ಸಿಗುವುದು ಕಷ್ಟ. ಒಂದೂವರೆ ಶತಮಾನದೊಳಗೆ ಆ ನಾಡು ಸಾಮ್ರಾಜ್ಯವಾಗಿ, ಗಣರಾಜ್ಯವಾಗಿ, ಸರ್ವಾಧಿಕಾರವಾಗಿ, ಗೆದ್ದವರ ವಲಯಗಳಾಗಿ, ಎರಡು ದೇಶಗಳಾಗಿ, ಮತ್ತೆ ಒಂದಾಗಿ ಬದಲಾದಾಗಲೆಲ್ಲ ಅದರ ಕಾರ್ಖಾನೆಗಳು ತಮ್ಮ ಠಸ್ಸೆಗಳನ್ನೂ ಬದಲಾಯಿಸಬೇಕಾಯಿತು.

ಕತ್ತಿಗಳ ಕಥೆ

ಸ್ಯಾಕ್ಸನಿಯ ದೊರೆ ಬಲಿಷ್ಠ ಆಗಸ್ಟಸ್ ಚೀನಾದ ಪಿಂಗಾಣಿಯ ಮೋಹಕ್ಕೆ ಒಳಗಾಗಿದ್ದವನು. ಬಂಗಾರ ಮಾಡುತ್ತೇನೆಂದು ಹೇಳಿಕೊಂಡು ಅವನ ಸೆರೆಯಲ್ಲಿ ಬಿದ್ದಿದ್ದ ಯೋಹಾನ್ ಫ್ರೀಡ್ರಿಷ್ ಬೊಟ್ಗರ್, ವಿಜ್ಞಾನಿ ಚಿರ್ನ್‌ಹೌಸ್‌ನ ಜೊತೆ ನಡೆಸಿದ ಪ್ರಯೋಗಗಳಿಂದ 1708ರಲ್ಲಿ ಬಿಳಿಯ ಗಟ್ಟಿ ಪಿಂಗಾಣಿಯ ಗುಟ್ಟು ಯುರೋಪಿಗೆ ಮೊದಲ ಬಾರಿ ದಕ್ಕಿತು. 1710ರಲ್ಲಿ ಕಾರ್ಖಾನೆ ಸ್ಥಾಪನೆಯಾಗಿ, ಗುಟ್ಟು ಹೊರಹೋಗದಂತೆ ಮೈಸೆನ್‌ನ ಆಲ್ಬ್ರೆಕ್ಟ್ಸ್‌ಬುರ್ಗ್ ಕೋಟೆಯೊಳಗೆ ನೆಲೆಗೊಂಡಿತು.

ಆದರೂ ಗುಟ್ಟು ಉಳಿಯಲಿಲ್ಲ. ಮೈಸೆನ್‌ನ ಕೆಲಸಗಾರರನ್ನೇ ಸೆಳೆದುಕೊಂಡು ವಿಯೆನ್ನಾದಲ್ಲಿ ಡು ಪಾಕಿಯೆ ಎಂಬಾತ 1718ರಲ್ಲಿ ಎದುರಾಳಿ ಕಾರ್ಖಾನೆಯನ್ನು ಕಟ್ಟಿದ ಮೇಲೆ, ತಮ್ಮ ಸಾಮಾನನ್ನು ಗುರುತಿಸುವ ಚಿಹ್ನೆಯೊಂದು ಬೇಕೆಂಬುದು ಮೈಸೆನ್‌ನವರಿಗೆ ಮನವರಿಕೆಯಾಯಿತು. ಸ್ಯಾಕ್ಸನಿಯ ಲಾಂಛನದಲ್ಲಿದ್ದ ಜೋಡಿ ಕತ್ತಿಗಳನ್ನು ಬಳಸಬಹುದೆಂದು ಕಾರ್ಖಾನೆಯ ಮೇಲ್ವಿಚಾರಕ ಸ್ಟೈನ್‌ಬ್ರೂಕ್ 1722ರಲ್ಲಿ ಸೂಚಿಸಿದ. ಅಲ್ಪಕಾಲ ಅಕ್ಷರಗಳ ಮುದ್ರೆಗಳೂ ಜೊತೆಗೆ ನಡೆದು, 1730ರ ದಶಕದ ಆರಂಭದಲ್ಲಿ ಕತ್ತಿಗಳೇ ಕಡ್ಡಾಯವಾದವು.

ಅಂದಿನಿಂದ ಚಿಹ್ನೆ ಒಂದೇ ಆದರೂ ಅದರ ವಿವರಗಳು ಆಡಳಿತದಿಂದ ಆಡಳಿತಕ್ಕೆ ಬದಲಾಗಿವೆ. ಏಳು ವರ್ಷಗಳ ಯುದ್ಧ ಮುಗಿದ 1763ರಿಂದ 1774ರವರೆಗಿನ ಸಾಮಾನುಗಳಲ್ಲಿ ಕತ್ತಿಗಳ ಹಿಡಿಯ ನಡುವೆ ಒಂದು ಚುಕ್ಕೆಯೂ, ಕೌಂಟ್ ಮಾರ್ಕೊಲಿನಿಯ ನಿರ್ವಹಣೆಯಿದ್ದ 1774ರಿಂದ 1814ರವರೆಗಿನವುಗಳಲ್ಲಿ ಅದೇ ಜಾಗದಲ್ಲಿ ಒಂದು ನಕ್ಷತ್ರವೂ ಸಾಮಾನ್ಯವಾಗಿ ಕಾಣುತ್ತವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಕತ್ತಿಗಳಿಗೆ ಹಿಡಿಯ ತುದಿಯಲ್ಲಿ ಗುಂಡನೆಯ ಗುಬುಟು ಸೇರಿತು. 1924ರಿಂದ 1934ರವರೆಗೆ, ಫೈಫರ್ ನಿರ್ದೇಶಕನಾಗಿದ್ದ ಅವಧಿಯಲ್ಲಿ, ಗುಬುಟು ಮರೆಯಾಗಿ ಚುಕ್ಕೆಯೊಂದು ಅಲಗುಗಳ ತುದಿಯ ನಡುವೆ ಬಂದು ಕುಳಿತಿತು.

ಮೈಸೆನ್ ತಟ್ಟೆಯ ತಳದಲ್ಲಿ ಇನ್ನೂ ಒಂದು ಸಂಗತಿಯನ್ನು ಹತ್ತಿರದಿಂದ ನೋಡಬೇಕು. ಕೆಲವು ಕತ್ತಿಗಳ ಮೇಲೆ, ಚಕ್ರದಿಂದ ಮೆರುಗನ್ನೇ ಸೀಳಿ ಎಳೆದ ಒಂದೆರಡು ಚಿಕ್ಕ ಗೀರುಗಳಿರುತ್ತವೆ. ಬೆರಳಿನ ತುದಿಗೆ ಅವು ತರಿತರಿಯಾಗಿ ತಾಗುತ್ತವೆ. ಇದು ಬಳಕೆಯಿಂದಾದ ಸವೆತವಲ್ಲ. ಆಯ್ಕೆಯಲ್ಲಿ ಎರಡನೆಯ ದರ್ಜೆಗೆ ಇಳಿದ ಅಥವಾ ಚಿತ್ತಾರವಿಲ್ಲದೆ ಬಿಳಿಯಾಗಿಯೇ ಹೊರಹೋದ ಸಾಮಾನುಗಳನ್ನು ಕಾರ್ಖಾನೆಯೇ ಹೀಗೆ ಗೀರಿ ಗುರುತಿಸುತ್ತಿತ್ತು. ಗೀರಿದ ಕತ್ತಿಯ ತಟ್ಟೆಯ ಮೇಲೆ ಸೊಗಸಾದ ಹೂವಿನ ಚಿತ್ರವಿದ್ದರೆ, ಆ ಹೂವು ಮೈಸೆನ್‌ನ ಹೊರಗೆ, ಬೇರೆ ಯಾರದೋ ಕೈಯಲ್ಲಿ ಅರಳಿರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕಾಗುತ್ತದೆ.

ಚಿಹ್ನೆಗೆ ಬೆಲೆ ಬಂದಲ್ಲಿ ಅನುಕರಣೆಯೂ ಬಂದಿತು. ಆಗಸ್ಟಸ್ ರೆಕ್ಸ್ ಎಂಬ ರಾಜನಾಮದ ಮೊದಲಕ್ಷರಗಳನ್ನು ಹೆಣೆದ ಮುದ್ರೆ ಹದಿನೆಂಟನೆಯ ಶತಮಾನದಲ್ಲಿ ಅರಮನೆಯ ಸಾಮಾನಿಗೆ ಮೀಸಲಾಗಿದ್ದರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಡ್ರೆಸ್ಡೆನ್‌ನ ಹೆಲೆನಾ ವೋಲ್ಫ್‌ಸೋನ್ ಚಿತ್ರಶಾಲೆಯಿಂದ ಅದೇ ಮುದ್ರೆಯ ಬಟ್ಟಲುಗಳು ದೊಡ್ಡ ಸಂಖ್ಯೆಯಲ್ಲಿ ಹೊರಬಂದವು. ಮೈಸೆನ್ ಕಾರ್ಖಾನೆ ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ನಿಲ್ಲಿಸಿತು. ಇಂದು ಈ ಮುದ್ರೆ ಹೊತ್ತು ಮಾರಾಟಕ್ಕೆ ಬರುವ ಬಟ್ಟಲುಗಳಲ್ಲಿ ಡ್ರೆಸ್ಡೆನ್‌ನವೇ ಹೆಚ್ಚು.

ಲಂಡನ್ನಿನ ಕಾನೂನು, ಜರ್ಮನಿಯ ಗುರುತು

ಹಳೆಯ ಸಾಮಾನಿನ ಮೇಲೆ ಇಂಗ್ಲಿಷಿನಲ್ಲಿ ದೇಶದ ಹೆಸರಿದ್ದರೆ, ಆ ಒಂದು ಪದ ಹತ್ತು ಅಲಂಕಾರಗಳಿಗಿಂತ ಹೆಚ್ಚು ಹೇಳುತ್ತದೆ. ಅದರ ಹಿಂದೆ ಜರ್ಮನಿಯ ಹೆಮ್ಮೆ ಇರಲಿಲ್ಲ, ಬ್ರಿಟನ್ನಿನ ಅಸಮಾಧಾನವಿತ್ತು.

1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಜರ್ಮನಿಯ ಪರ ತೀರ್ಪುಗಾರನಾಗಿದ್ದ ಎಂಜಿನಿಯರ್ ಫ್ರಾನ್ಸ್ ರಾಯ್ಲೊ, ತನ್ನ ದೇಶದ ಸಾಮಾನು ಅಗ್ಗವೂ ಹೌದು ಕಳಪೆಯೂ ಹೌದು ಎಂದು ಬಹಿರಂಗವಾಗಿ ಬರೆದು ತವರಿನಲ್ಲಿ ಕೋಲಾಹಲ ಎಬ್ಬಿಸಿದ್ದ. ಅದೇ ಕಾಲದಲ್ಲಿ, ಜರ್ಮನಿಯ ಚಾಕು-ಕತ್ತರಿಗಳು ತಮ್ಮ ಊರಿನ ಹೆಸರನ್ನೇ ಕದ್ದು ಮಾರಾಟವಾಗುತ್ತಿವೆ ಎಂಬುದು ಇಂಗ್ಲೆಂಡಿನ ಶೆಫೀಲ್ಡ್ ನಗರದ ತಯಾರಕರ ದೂರಾಗಿತ್ತು. 1887ರ ಆಗಸ್ಟ್ 23ರಂದು ಜಾರಿಗೆ ಬಂದ ಬ್ರಿಟನ್ನಿನ ವ್ಯಾಪಾರ ಮುದ್ರೆಗಳ ಕಾಯ್ದೆ, ಇಂಥ ಮೋಸವನ್ನು ತಡೆಯಲು, ಪರದೇಶದ ಸಾಮಾನು ತನ್ನ ಮೂಲವನ್ನು ತೋರಿಸಬೇಕೆಂದು ವಿಧಿಸಿತು. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಅದೇ ಬಗೆಯ ನಿಯಮವನ್ನು 1891ರ ಮಾರ್ಚಿನಿಂದ ಅಲ್ಲಿಗೆ ಬರುವ ಸಾಮಾನುಗಳ ಮೇಲೆ ಹೇರಿತು. ಎಚ್ಚರಿಕೆಗೆಂದು ಹಾಕಿಸಿದ ಗುರುತು ಕೆಲವೇ ವರ್ಷಗಳಲ್ಲಿ ಗುಣಮಟ್ಟದ ಖಾತರಿಯಾಗಿ ಮಾರ್ಪಟ್ಟದ್ದು ವಾಣಿಜ್ಯದ ಇತಿಹಾಸದಲ್ಲಿ ಅಪರೂಪದ ತಿರುವು.

ಹೀಗಾಗಿ ‘ಜರ್ಮನಿ’ ಎಂಬ ಇಂಗ್ಲಿಷ್ ಪದವಿರುವ ಬಟ್ಟಲನ್ನು 1850ರದೆಂದು ಯಾರಾದರೂ ಹೇಳಿದರೆ ಅದನ್ನು ಒಪ್ಪುವುದು ಕಷ್ಟ. ಇದರ ವಿಲೋಮ ಮಾತ್ರ ನಿಜವಲ್ಲ ಎಂಬುದನ್ನು ಒತ್ತಿ ಹೇಳಬೇಕು: ದೇಶದ ಹೆಸರಿಲ್ಲದ ಸಾಮಾನು 1887ಕ್ಕಿಂತ ಹಳೆಯದೆಂದು ಸಾಬೀತಾಗುವುದಿಲ್ಲ. ಜರ್ಮನಿಯೊಳಗೇ ಮಾರಾಟವಾದ ಸಾಮಾನಿಗೆ ಇಂಗ್ಲಿಷ್ ಪದದ ಅಗತ್ಯವಿರಲಿಲ್ಲ; ಎಷ್ಟೋ ವಸ್ತುಗಳಿಗೆ ಕಾಗದದ ಚೀಟಿ ಅಂಟಿಸಿ ಕಳಿಸುತ್ತಿದ್ದರು, ಅದು ಮೊದಲ ತೊಳೆತದಲ್ಲೇ ಹೋಗಿರುತ್ತದೆ.

ಚೌಕಟ್ಟು: ಸಂಕ್ಷೇಪಾಕ್ಷರಗಳನ್ನು ಓದುವ ಬಗೆ

ಡಿ.ಆರ್.ಪಿ.: ಜರ್ಮನ್ ಸಾಮ್ರಾಜ್ಯದ ಪೇಟೆಂಟ್. ಬರ್ಲಿನ್ನಿನಲ್ಲಿ ಪೇಟೆಂಟ್ ಕಚೇರಿ ತೆರೆದದ್ದು 1877ರಲ್ಲಿ; ಅದಕ್ಕೆ ಮುಂಚಿನ ವಸ್ತುವಿನ ಮೇಲೆ ಇದು ಇರಲಾರದು.

ಡಿ.ಆರ್.ಜಿ.ಎಂ.: ಪೇಟೆಂಟಿನಷ್ಟು ದೊಡ್ಡದಲ್ಲದ ಉಪಯುಕ್ತ ಸುಧಾರಣೆಗಳಿಗೆ ಸಿಗುತ್ತಿದ್ದ ನೋಂದಣಿ. 1891ರಲ್ಲಿ ಆರಂಭ. ಗಡಿಯಾರ, ಆಟಿಕೆ, ಅಡುಗೆ ಸಲಕರಣೆಗಳ ಮೇಲೆ ಹೇರಳ.

ಗೆಸ್. ಗೆಶ್.: ಕಾನೂನಿನ ರಕ್ಷಣೆಯಿದೆ ಎಂಬ ಜರ್ಮನ್ ಒಕ್ಕಣೆಯ ಮೊಟಕು. ಇದು ತಯಾರಕನ ಹೆಸರಲ್ಲ.

ಡಿ.ಬಿ.ಪಿ., ಡಿ.ಬಿ.ಜಿ.ಎಂ.: ಎರಡನೆಯ ಮಹಾಯುದ್ಧದ ಬಳಿಕ ಪಶ್ಚಿಮ ಜರ್ಮನಿ ಕೊಟ್ಟ ಇದೇ ಬಗೆಯ ರಕ್ಷಣೆಗಳು.

ಸಂಖ್ಯೆಯೆಲ್ಲ ಇಸವಿಯಲ್ಲ

ಮುದ್ರೆಯನ್ನು ಓದುವವರು ಅತಿ ಹೆಚ್ಚು ಎಡವುವುದು ಸಂಖ್ಯೆಗಳಲ್ಲಿ. ವಿಲ್ಲೆರಾಯ್ ಅಂಡ್ ಬೋಕ್ ಸಂಸ್ಥೆಯ ಇತ್ತೀಚಿನ ತಟ್ಟೆಗಳ ಮೇಲೂ 1748 ಎಂದಿರುತ್ತದೆ. ಅದು ಸಂಸ್ಥೆ ಹುಟ್ಟಿದ ವರ್ಷ. ಹಳೆತನವೇ ಹೆಮ್ಮೆಯಾದ ವ್ಯಾಪಾರದಲ್ಲಿ ಸ್ಥಾಪನೆಯ ವರ್ಷವನ್ನು ಮೆರೆಸುವುದು ಸಹಜ, ಮತ್ತು ಅಂಥ ವರ್ಷವನ್ನು ಬರೆದುಕೊಳ್ಳುವ ಅಭ್ಯಾಸ ಸಂಸ್ಥೆಗೆ ಸಾಕಷ್ಟು ವಯಸ್ಸಾದ ಮೇಲೆಯೇ ಹುಟ್ಟುವುದರಿಂದ, ದೊಡ್ಡದಾಗಿ ಇಸವಿ ಮೆರೆಯುವ ಮುದ್ರೆಯನ್ನು ಹೊಸದೆಂದು ಮೊದಲು ಶಂಕಿಸುವುದೇ ಸರಿಯಾದ ಕ್ರಮ.

ತುರಿಂಗಿಯಾ ಪ್ರಾಂತದ ಗೊಂಬೆಗಳಲ್ಲಿ ಈ ತೊಡಕು ಇನ್ನೊಂದು ರೂಪ ತಾಳುತ್ತದೆ. ಸೋನೆಬರ್ಗ್, ವಾಲ್ಟರ್ಸ್‌ಹೌಸೆನ್ ಸುತ್ತಮುತ್ತಲಿನ ಊರುಗಳು ಮೊದಲ ಮಹಾಯುದ್ಧಕ್ಕೆ ಮುನ್ನ ಜಗತ್ತಿನ ಗೊಂಬೆ ಪೇಟೆಯನ್ನೇ ಆಳುತ್ತಿದ್ದವು. ಅಲ್ಲಿನ ಗೊಂಬೆಯ ಗುರುತು ಕತ್ತಿನ ಹಿಂಭಾಗದಲ್ಲಿ, ಕೂದಲಿನ ಟೋಪಿಯ ಕೆಳಗೆ ಅಡಗಿರುತ್ತದೆ; ಮೆರುಗಿಲ್ಲದ ಬಿಸ್ಕ್ ಪಿಂಗಾಣಿ ಹಸಿಯಿದ್ದಾಗಲೇ ಒತ್ತಿದ ಅಕ್ಷರಗಳವು. ಕ್ಯೋಪೆಲ್ಸ್‌ಡಾರ್ಫ್‌ನ ಅರ್ಮಾಂಡ್ ಮಾರ್ಸೆಯ್ ಕಾರ್ಖಾನೆಯ ತಲೆಗಳ ಮೇಲೆ ಸರ್ವೇಸಾಮಾನ್ಯವಾಗಿ ಕಾಣುವ 390 ಎಂಬುದು ಅಚ್ಚಿನ ಸಂಖ್ಯೆ. ಆ ಒಂದೇ ಅಚ್ಚಿನ ಮುಖ ದಶಕಗಳ ಕಾಲ ತಯಾರಾಗುತ್ತಲೇ ಇತ್ತು. ಅದೇ ಕಾರ್ಖಾನೆಯ 1894 ಎಂಬ ಗುರುತು ಇಸವಿಯಂತೆಯೇ ಕಂಡರೂ ಸಂಗ್ರಾಹಕರು ಅದನ್ನೂ ಅಚ್ಚಿನ ಸಂಖ್ಯೆಯೆಂದೇ ಓದುತ್ತಾರೆ. ಕೆಮ್ಮರ್ ಅಂಡ್ ರೈನ್‌ಹಾರ್ಟ್ ಗೊಂಬೆಗಳಲ್ಲಿ ನಕ್ಷತ್ರದ ಎರಡು ಬದಿಗೆ ಕೆ ಮತ್ತು ಆರ್ ಅಕ್ಷರಗಳಿದ್ದು, ಕೆಳಗಿನ ಸಂಖ್ಯೆ ಹಲವು ಸಲ ಗೊಂಬೆಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಹೇಳುತ್ತದೆ.

ಹುಮ್ಮೆಲ್ ಪ್ರತಿಮೆಗಳಲ್ಲಿ ಮಾತ್ರ ನಿಜವಾದ ಇಸವಿಯೇ ಕೊರೆದಿರುವುದುಂಟು. ಸೀಸೆನ್ ಕಾನ್ವೆಂಟಿನ ಸನ್ಯಾಸಿನಿ ಮರಿಯಾ ಇನ್ನೊಸೆಂಟಿಯಾ ಹುಮ್ಮೆಲ್ ಬಿಡಿಸಿದ ಮಕ್ಕಳ ಚಿತ್ರಗಳನ್ನು ಆಧರಿಸಿ ಗೋಬೆಲ್ ಸಂಸ್ಥೆ 1935ರಿಂದ ಮಾಡಿದ ಈ ಪ್ರತಿಮೆಗಳ ತಳದ ಇಸವಿ ಆ ಮಾದರಿಯ ಹಕ್ಕುಸ್ವಾಮ್ಯದ್ದು. ಅದೇ ಮಾದರಿಯ ಪ್ರತಿಮೆಯೊಂದು ಮೂವತ್ತು ವರ್ಷ ತಡವಾಗಿ ತಯಾರಾಗಿದ್ದರೂ ಇಸವಿ ಹಾಗೆಯೇ ಉಳಿದಿರುತ್ತದೆ. ತಯಾರಾದ ಕಾಲಕ್ಕೆ ಜೇನುನೊಣವನ್ನು ನೋಡಬೇಕು. ಮೊದಲು ಕಿರೀಟದ ಮುದ್ರೆಯಿದ್ದು, 1950ರ ಹೊತ್ತಿಗೆ ವಿ ಅಕ್ಷರದೊಳಗೆ ಹಾರುವ ದೊಡ್ಡ ನೊಣ ಬಂದು, ವರ್ಷಗಳು ಕಳೆದಂತೆ ಅದು ಕುಗ್ಗಿ, ರೆಕ್ಕೆಗಳು ಬರಿಯ ತ್ರಿಕೋನಗಳಾಗಿ, 1979ರಲ್ಲಿ ಮುದ್ರೆಯಿಂದ ಪೂರ್ತಿ ಮರೆಯಾಯಿತು.

ಕಿವಿಯೊಳಗಿನ ಗುಂಡಿ

ಗೀಂಗೆನ್ ಪಟ್ಟಣದ ಮಾರ್ಗರೆಟ್ ಷ್ಟೈಫ್ ಬಾಲ್ಯದಲ್ಲೇ ಪೋಲಿಯೊಗೆ ತುತ್ತಾಗಿ ಗಾಲಿಕುರ್ಚಿಯಲ್ಲಿ ಬದುಕಿದವರು. 1880ರಲ್ಲಿ ಅವರು ಉಣ್ಣೆಬಟ್ಟೆಯಲ್ಲಿ ಹೊಲಿದ ಪುಟ್ಟ ಆನೆಯಿಂದ ಆರಂಭವಾದ ಉದ್ಯಮಕ್ಕೆ 1902ರಲ್ಲಿ ಅವರ ಸೋದರಳಿಯ ರಿಚರ್ಡ್ ಕೈಕಾಲು ಆಡಿಸುವ ಕರಡಿಯನ್ನು ಸೇರಿಸಿದ. ನಕಲುಗಳು ಹೆಚ್ಚಿದಾಗ ಇನ್ನೊಬ್ಬ ಸೋದರಳಿಯ ಫ್ರಾನ್ಸ್, 1904ರಲ್ಲಿ, ಪ್ರತಿ ಆಟಿಕೆಯ ಎಡಗಿವಿಗೆ ಲೋಹದ ಗುಂಡಿಯನ್ನು ಬಡಿಯುವ ಉಪಾಯ ಹೂಡಿದ.

ಆರಂಭದ ಗುಂಡಿಯಲ್ಲಿ ಆನೆಯ ಚಿತ್ರವಿತ್ತು. ಬಳಿಕ ಸಂಸ್ಥೆಯ ಹೆಸರು ದೊಡ್ಡಕ್ಷರಗಳಲ್ಲಿ ಬಂದಾಗ ಕೊನೆಯ ಅಕ್ಷರದ ಬಾಲವನ್ನು ಹೆಸರಿನಡಿಗೆ ಎಳೆಯಲಾಗಿತ್ತು. 1950ರ ದಶಕದಲ್ಲಿ ಕೂಡುಬರಹ ಬಂದಿತು. ಗುಂಡಿಯ ಹಿಂದೆ ಸಿಕ್ಕಿಸಿದ ಪಟ್ಟಿ ಬಿಳಿಯಿಂದ ಕೆಂಪಿಗೆ, 1934ರ ಸುಮಾರಿಗೆ ಹಳದಿಗೆ ತಿರುಗಿತು. ಮಕ್ಕಳು ನುಂಗಿಯಾರೆಂದು ತಾಯಂದಿರು ಕಿತ್ತುಹಾಕಿದ ಗುಂಡಿಗಳೂ ಅನೇಕ. ಆಗ ಕಿವಿಯಲ್ಲಿ ಉಳಿದ ಸಣ್ಣ ತೂತೇ ಸಾಕ್ಷಿಯಾಗುತ್ತದೆ.

ಯುದ್ಧೋತ್ತರ ಕರಡಿಗಳ ಹೊಲಿಗೆಯಲ್ಲಿ ಬಟ್ಟೆಯ ಇನ್ನೊಂದು ಚೀಟಿ ಸಿಗುತ್ತದೆ. ಅದರಲ್ಲಿ ‘ಅಮೆರಿಕನ್ ವಲಯದ ಜರ್ಮನಿಯಲ್ಲಿ ತಯಾರಾದದ್ದು’ ಎಂಬ ಇಂಗ್ಲಿಷ್ ಒಕ್ಕಣೆಯಿದೆ.

ನಕ್ಷೆ ಬದಲಾದಾಗ

1945ರಲ್ಲಿ ಸೋತ ಜರ್ಮನಿಯನ್ನು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟಗಳು ಹಂಚಿಕೊಂಡ ಮೇಲೆ ರಫ್ತಿನ ಸಾಮಾನಿನ ಮೇಲೆ ವಲಯದ ಹೆಸರು ಬಂದಿತು. 1949ರಲ್ಲಿ ಎರಡು ದೇಶಗಳು ರೂಪುಗೊಂಡರೂ ಹಳೆಯ ಠಸ್ಸೆಗಳು ಮತ್ತೆ ಕೆಲವು ವರ್ಷ ನಡೆದವು; ಆದರೂ ವಲಯದ ಮುದ್ರೆಯಿರುವ ವಸ್ತುವನ್ನು ಏಳೆಂಟು ವರ್ಷಗಳ ಕಿರಿದಾದ ಅವಧಿಯೊಳಗೆ ಕೂರಿಸಬಹುದು. ಇಷ್ಟು ನಿಖರತೆಯನ್ನು ಯಾವ ಕಿರೀಟವೂ ಯಾವ ನಕ್ಷತ್ರವೂ ಕೊಡುವುದಿಲ್ಲ. ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ರಿಂದ 1990ರವರೆಗಿನ ಅವಧಿ. ಆ ಪದವಿಲ್ಲದೆ ಬರಿಯ ‘ಜರ್ಮನಿ’ ಎಂದಿದ್ದರೆ ಅದು ಯುದ್ಧಪೂರ್ವದ್ದೋ ಏಕೀಕರಣದ ನಂತರದ್ದೋ ಎಂಬುದನ್ನು ಉಳಿದ ಲಕ್ಷಣಗಳಿಂದ ತೀರ್ಮಾನಿಸಬೇಕು.

ಊರಿನ ಹೆಸರೂ ಇದೇ ಕೆಲಸ ಮಾಡುತ್ತದೆ. ಸೈಲೀಸಿಯಾ ಪ್ರಾಂತದ ಆಲ್ಟ್‌ವಾಸರ್‌ನಲ್ಲಿ ಕಾರ್ಲ್ ಟೀಲ್ಶ್ ಕಾರ್ಖಾನೆ ಹದ್ದಿನ ಮುದ್ರೆಯ ಪಿಂಗಾಣಿ ಮಾಡುತ್ತಿತ್ತು. ಯುದ್ಧದ ನಂತರ ಆ ಪ್ರದೇಶ ಪೋಲೆಂಡಿಗೆ ಸೇರಿ, ಜರ್ಮನ್ ಜನರನ್ನು ಹೊರಹಾಕಿ, ಊರುಗಳಿಗೆ ಪೋಲಿಷ್ ಹೆಸರು ಬಂದಿತು. ಆಲ್ಟ್‌ವಾಸರ್ ಎಂಬ ಹೆಸರಿನ ತಟ್ಟೆ 1945ರ ಆಚೆಗೆ ಬರಲಾರದು.

ಯೇನಾ ನಗರದ ಕಾರ್ಲ್ ತ್ಸೈಸ್ ಸಂಸ್ಥೆಯೂ ಯುದ್ಧಾನಂತರ ಎರಡಾಯಿತು. ಅಮೆರಿಕನ್ನರು ಪರಿಣತರನ್ನು ಪಶ್ಚಿಮಕ್ಕೆ ಕರೆದೊಯ್ದುದರಿಂದ ಓಬರ್‌ಕೋಖೆನ್‌ನಲ್ಲಿ ಇನ್ನೊಂದು ತ್ಸೈಸ್ ಬೆಳೆದು, ಹೆಸರಿನ ಹಕ್ಕಿಗಾಗಿ ಎರಡರ ನಡುವೆ ದಶಕಗಳ ವ್ಯಾಜ್ಯ ನಡೆಯಿತು. ಪೂರ್ವದ ಕಾರ್ಖಾನೆಯ ಕೆಲವು ಕ್ಯಾಮೆರಾ ಮಸೂರಗಳ ಮೇಲೆ ಪೂರ್ಣ ಹೆಸರಿಲ್ಲದೆ ‘ಯೇನಾದಿಂದ’ ಎಂದಷ್ಟೇ ಇರುವುದು, ಪಶ್ಚಿಮದ ಮಾರುಕಟ್ಟೆಯಲ್ಲಿ ಆ ಹೆಸರನ್ನು ಬಳಸಲು ಅದಕ್ಕೆ ಅಡ್ಡಿಯಿದ್ದುದರಿಂದ.

ಇನ್ನು ಕೆಲವು ಮುದ್ರೆಗಳನ್ನು ಸಂಗ್ರಹದ ಸಂತೋಷದಿಂದ ನೋಡಲಾಗದು. 1930ರ ದಶಕದಲ್ಲಿ ಮ್ಯೂನಿಕ್ ಬಳಿಯ ಅಲ್ಲಾಖ್‌ನಲ್ಲಿ ಆರಂಭವಾಗಿ ಎಸ್‌ಎಸ್ ಪಡೆಯ ಒಡೆತನಕ್ಕೆ ಬಂದ ಪಿಂಗಾಣಿ ಕಾರ್ಖಾನೆ ದಾಖೌಗೆ ವಿಸ್ತರಿಸಿ, ಅಲ್ಲಿನ ಸೆರೆಶಿಬಿರದ ಕೈದಿಗಳ ಬಲವಂತದ ದುಡಿಮೆಯಿಂದ ನಡೆಯಿತು. ಅದರ ಮುದ್ರೆಗೆ ಇಂದು ಪೇಟೆಯಲ್ಲಿ ನಕಲುಗಳೂ ಹೇರಳ. ನಾತ್ಸಿ ಲಾಂಛನಗಳ ಬಹಿರಂಗ ಪ್ರದರ್ಶನವನ್ನು ಜರ್ಮನ್ ದಂಡಸಂಹಿತೆ ಅಪರಾಧವೆಂದು ಪರಿಗಣಿಸುತ್ತದೆ. ಸಂಶೋಧನೆ, ಬೋಧನೆಗಳಿಗೆ ವಿನಾಯಿತಿಯಿದೆ. ಇಂಥ ವಸ್ತುವಿನ ಕಾಲನಿರ್ಣಯ ಮಾಡುವವರು ಅದನ್ನು ಮಾಡಿದ ಕೈಗಳು ಯಾರವೆಂಬುದನ್ನೂ ದಾಖಲಿಸುವುದು ಕರ್ತವ್ಯ.

ಬೆಳ್ಳಿಯ ಚಂದ್ರ

ಬೆಳ್ಳಿಯ ಮಟ್ಟಿಗೆ ಗೆರೆ ಸ್ಪಷ್ಟವಾಗಿದೆ. 1884ರಲ್ಲಿ ಅಂಗೀಕೃತವಾಗಿ 1888ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಸಾವಿರದಲ್ಲಿ ಕನಿಷ್ಠ 800 ಪಾಲು ಶುದ್ಧ ಬೆಳ್ಳಿಯಿರುವ ಸಾಮಾನು ಅರ್ಧಚಂದ್ರ ಮತ್ತು ಸಾಮ್ರಾಜ್ಯದ ಕಿರೀಟದ ಮುದ್ರೆಯನ್ನು ಹೊರಬೇಕಾಯಿತು. ಅದಕ್ಕೆ ಮುಂಚೆ ಊರೂರಿಗೂ ಬೇರೆ ಬೇರೆ ಗುರುತು: ಆಗ್ಸ್‌ಬರ್ಗ್‌ಗೆ ಪೈನ್ ಮರದ ಕಾಯಿ, ನ್ಯೂರೆಂಬರ್ಗ್‌ಗೆ ಎನ್ ಅಕ್ಷರ. ಶುದ್ಧತೆಯನ್ನು ಲೋಟ್ ಎಂಬ ಮಾನದಲ್ಲಿ ಹೇಳುತ್ತಿದ್ದರು. ಹದಿನಾರು ಲೋಟ್ ಎಂದರೆ ಅಪ್ಪಟ, ಹನ್ನೆರಡು ಎಂದರೆ ಸಾವಿರಕ್ಕೆ 750. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹನೌ ಪಟ್ಟಣದ ಕುಶಲಿಗಳು ಹಳೆಯ ಶೈಲಿಯ ಸಾಮಾನಿಗೆ ಹಳೆಯ ನಗರಮುದ್ರೆಗಳನ್ನು ಹೋಲುವ ಕಲ್ಪಿತ ಗುರುತುಗಳನ್ನು ಒತ್ತುತ್ತಿದ್ದರು ಎಂಬುದನ್ನು ಆಗ್ಸ್‌ಬರ್ಗ್ ಬೆಳ್ಳಿ ಕೊಳ್ಳುವವರು ನೆನಪಿಡಬೇಕು.

ಆಲ್ಪಾಕ ಎಂದು ಬರೆದ ಚಮಚದಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ, ಕರ್ನಾಟಕದ ಪಾತ್ರೆ ಅಂಗಡಿಗಳು ಜರ್ಮನ್ ಸಿಲ್ವರ್ ಎಂದು ಕರೆಯುವ ಲೋಹ.

ಚೌಕಟ್ಟು: ಪರೀಕ್ಷೆಯ ಕ್ರಮ

ಮೊದಲು ವಸ್ತುವನ್ನೇ ನೋಡಬೇಕು: ಆಕಾರ, ತೂಕ, ಬಣ್ಣ, ತಳದ ಅಂಚಿನ ಸವೆತ. ಮುದ್ರೆಗೆ ಓರೆಯಾಗಿ ಬೆಳಕು ಬೀಳಿಸಿ ಮಸೂರದಿಂದ ನೋಡಿದರೆ ಅದು ಕುಂಚದ್ದೋ, ರಬ್ಬರ್ ಠಸ್ಸೆಯದೋ, ಒತ್ತಿದ್ದೋ ತಿಳಿಯುತ್ತದೆ. ಮೆರುಗಿನ ಮೇಲಿನ ಬಣ್ಣವೂ ಚಿನ್ನದ ರೇಖೆಯೂ ಉಜ್ಜಿದರೆ ಹೋಗುತ್ತವೆ. ಮುದ್ರೆ ಕಾಣಲೆಂದು ತೀಡಬಾರದು. ಪ್ರತಿ ಗುರುತೂ ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಒಂದು ಗಡಿಯನ್ನು ಕೊಡುತ್ತದೆ. ಎಲ್ಲ ಗುರುತುಗಳಲ್ಲಿ ಅತ್ಯಂತ ಈಚಿನದು ಯಾವುದೋ ಅದೇ ಲೆಕ್ಕಕ್ಕೆ ಬರುತ್ತದೆ.

ಮಂಗಳೂರಿನ ಮಾಡಿನ ಮೇಲೆ

ಮುದ್ರೆಯನ್ನು ಓದುವ ಈ ವಿದ್ಯೆಯನ್ನು ಕರಾವಳಿಯಲ್ಲೂ ಬಳಸಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ನೆಲೆಗೊಂಡಿದ್ದರೂ ಬಾಸೆಲ್ ಮಿಷನ್ನಿನ ಪಾದ್ರಿಗಳಲ್ಲಿ ಬಹುಪಾಲು ಜನ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದವರು. ಅವರಲ್ಲಿ ಒಬ್ಬನಾದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ. ಹೆಂಚಿನ ಬೆನ್ನಿಗೆ ಮಿಷನ್ನಿನ ಹೆಸರಿನ ಜೊತೆ 1865 ಎಂದು ಅಚ್ಚೊತ್ತುತ್ತಿದ್ದುದರಿಂದ, ಹಳೆಯ ಮನೆಯನ್ನು ಬಿಚ್ಚಿದಾಗ ಸಿಗುವ ಅಂಥ ಹೆಂಚನ್ನು ನೋಡಿ ಮನೆಯೇ 1865ರದೆಂದು ನಂಬುವವರಿದ್ದಾರೆ. ವಿಲ್ಲೆರಾಯ್ ತಟ್ಟೆಯ 1748ರಂತೆ ಇದೂ ಕಾರ್ಖಾನೆಯ ಹುಟ್ಟಿನ ವರ್ಷ. ಅದೇ ಅಂಕಿಯನ್ನು ಹೊತ್ತ ಹೆಂಚುಗಳು ದಶಕಗಳ ಕಾಲ ಆವಿಗೆಯಿಂದ ಇಳಿದಿವೆ.

ಇಲ್ಲಿಯೂ ಕಾಲವನ್ನು ಖಚಿತವಾಗಿ ಹೇಳುವುದು ಹೆಸರಿನ ಬದಲಾವಣೆಯೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡ ಬಳಿಕ ಹೆಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿ, ಹೆಂಚಿನ ಬೆನ್ನಿನ ಹೆಸರೂ ಕಾಮನ್‌ವೆಲ್ತ್ ಎಂದಾಯಿತು. ಬಾಸೆಲ್ ಮಿಷನ್ ಹೆಂಚುಗಳ ಸಾಲಿನ ನಡುವೆ ಅಲ್ಲಲ್ಲಿ ಕಾಮನ್‌ವೆಲ್ತ್ ಹೆಂಚು ಕಂಡರೆ, ಆ ಮಾಡನ್ನು ಯುದ್ಧ ಮುಗಿದ ಮೇಲೆ ಒಮ್ಮೆಯಾದರೂ ಕೈಯಾಡಿಸಿ, ಒಡೆದವನ್ನು ತೆಗೆದು ಹೊಸದನ್ನು ಹೊದಿಸಿದ್ದಾರೆ.